ಯೂನಿಸ್‌ನ ಶನಿವಾರದ ಬೆಳಗು

ಲೂಸಿಯಾನದ ಯೂನಿಸ್ ಪಟ್ಟಣ ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ನೀರು ನಿಂತ ಗದ್ದೆಗಳು. ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಕಟ್ಟಿ ಸಿಗಡಿಯಂಥ ಕ್ರಾಫಿಷ್ ಸಾಕುತ್ತಾರೆ. ಬಲೆಗಳ ತುದಿ ನೀರಿನ ಮೇಲೆ ಸಾಲುಸಾಲಾಗಿ ಎದ್ದು ಕಾಣುತ್ತದೆ. ಶನಿವಾರ, ಬೆಳಿಗ್ಗೆ ಒಂಬತ್ತು ದಾಟಿದೆ. 190ನೇ ಹೆದ್ದಾರಿಯ ಪಕ್ಕದಲ್ಲಿ ಸವ್ವಾ ಮ್ಯೂಸಿಕ್ ಸೆಂಟರ್. ಮಾರ್ಕ್ ಸವ್ವಾ 1966ರಲ್ಲಿ ತೆರೆದ ಅಂಗಡಿ. ಬಾಗಿಲು ತಳ್ಳಿದರೆ ಮೊದಲು ಕಾಫಿಯ ಘಮ, ಬೆನ್ನಿಗೇ ಪಿಟೀಲು.

ವಾದಕರು ದುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ವೇದಿಕೆ, ಟಿಕೆಟ್ಟು ಏನೂ ಇಲ್ಲ. ಯಾರೋ ತಂದಿಟ್ಟ ಬೂದೆನ್ — ಅನ್ನ, ಹಂದಿಮಾಂಸ ತುಂಬಿದ ಬಿಸಿ ಸಾಸೇಜು — ಮೇಜಿನ ಮೇಲಿದೆ, ನೀವೂ ಒಂದು ತುಂಡು ತೆಗೆದುಕೊಳ್ಳಬಹುದು. ಮೂಲೆಯಲ್ಲಿ ಒಬ್ಬ ಹುಡುಗ ಕಬ್ಬಿಣದ ತ್ರಿಕೋನ ಬಡಿಯುತ್ತಿದ್ದಾನೆ. ಹಿಂದಿನವರು ಹುಲ್ಲು ಬಾಚುವ ಕುಂಟೆಯ ಹಲ್ಲುಗಳನ್ನು ಬಗ್ಗಿಸಿ ಇದನ್ನು ಮಾಡಿಕೊಳ್ಳುತ್ತಿದ್ದರು.

ನಡುವೆ ಕೂತ ಮುದುಕರೊಬ್ಬರ ತೊಡೆಯ ಮೇಲಿನ ಅಕಾರ್ಡಿಯನ್ ನೋಡಿ. ರಾಗ ನುಡಿಸಲು ಹತ್ತೇ ಗುಂಡಿ. ತಿದಿಯನ್ನು ಒತ್ತಿದರೆ ಒಂದು ಸ್ವರ, ಅದೇ ಗುಂಡಿ ಹಿಡಿದು ಎಳೆದರೆ ಇನ್ನೊಂದು. ನಮ್ಮ ಹಾರ್ಮೋನಿಯಂನಂತೆ ಒಳಗೆ ರೀಡುಗಳೇ ಮಿಡಿಯುವುದು, ಆದರೆ ಇಲ್ಲಿ ಗಾಳಿಯ ದಿಕ್ಕೂ ಹಾಡುತ್ತದೆ. ಹಾಗಾಗಿ ಅವರ ಎಡಗೈ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಒಂದು ಕಾಲಕ್ಕೆ ಇವೆಲ್ಲ ಜರ್ಮನಿಯಿಂದ ಬರುತ್ತಿದ್ದವು. ಎರಡನೇ ಮಹಾಯುದ್ಧ ಆ ದಾರಿ ಮುಚ್ಚಿದ ಮೇಲೆ ಈ ಸೀಮೆಯವರೇ ಮಾಡಲು ಕಲಿತರು; ಈ ಅಂಗಡಿಯಲ್ಲೂ ಮಾಡುತ್ತಾರೆ.

ಮುದುಕರು ಕಣ್ಣು ಮುಚ್ಚಿ ಎತ್ತರದ ದನಿಯಲ್ಲಿ ವಾಲ್ಟ್ಜ್ ಒಂದನ್ನು ಎತ್ತಿಕೊಳ್ಳುತ್ತಾರೆ. ಫ್ರೆಂಚಿನಲ್ಲಿ. ಇವರ ಪೂರ್ವಜರು ಕೆನಡಾದ ಅಕಾಡಿಯದ ರೈತರು. ಬ್ರಿಟಿಷ್ ದೊರೆಗೆ ಬೇಷರತ್ತಾಗಿ ನಿಷ್ಠೆಯ ಪ್ರಮಾಣ ಮಾಡಲೊಲ್ಲದ ಅವರನ್ನು 1755ರಲ್ಲಿ ಹಡಗಿಗೆ ತುಂಬಿ ಹೊರದೂಡಿದರು. ಎಷ್ಟೋ ಸಂಸಾರಗಳು ಒಡೆದು ಚೆಲ್ಲಾಪಿಲ್ಲಿಯಾದವು. 1764ರಿಂದೀಚೆಗೆ ಅವರಲ್ಲಿ ಹಲವರು ಲೂಸಿಯಾನ ಸೇರಿದರು. ಕೇಜನ್ನರು ಎಂದು ಜಗತ್ತು ಕರೆಯುವುದು ಇವರನ್ನೇ.

ಆದರೆ ಈ ಸಂಗೀತ ಅವರದಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಇಲ್ಲಿ ನುಡಿಸುವ ಎಷ್ಟೋ ಮಟ್ಟುಗಳ ಹಿಂದೆ ಆಮೆಡೆ ಆರ್ದ್ವಾನ್ ಇದ್ದಾನೆ. ಫ್ರೆಂಚ್ ಮಾತಾಡುವ ಕಪ್ಪು ಕ್ರಿಯೋಲ್ ಸಮುದಾಯದ ಅಕಾರ್ಡಿಯನ್ ವಾದಕ. ಬಿಳಿಯ ಪಿಟೀಲುಗಾರ ಡೆನಿಸ್ ಮೆಗೀ ಜೊತೆ 1929ರಲ್ಲಿ ಹಾಡು ಮುದ್ರಿಸಿದವನು. ಬೆವರೊರೆಸಿಕೊಳ್ಳಲು ಬಿಳಿಯ ಹೆಂಗಸೊಬ್ಬಳು ಕೊಟ್ಟ ಕರವಸ್ತ್ರ ಮುಟ್ಟಿದ್ದಕ್ಕೆ ಅವನನ್ನು ಸಾಯಬಡಿದರು ಎಂದು ಈ ಕಡೆಯವರು ಇಂದಿಗೂ ಹೇಳುತ್ತಾರೆ. 1942ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಈ ಪರಂಪರೆ ಅವನಿಗೆ ಬಹಳ ಋಣಿಯಾಗಿದೆ.

ಹಾಡು ಮುಗಿಯಿತು. ಇಬ್ಬರು ಹಿರಿಯರು ಫ್ರೆಂಚಿನಲ್ಲೇ ಮಾತಿಗಿಳಿದರು. ಪಕ್ಕದ ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸಿದಳು. 1921ರ ರಾಜ್ಯ ಸಂವಿಧಾನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತ್ತು. ಆಟದ ಬಯಲಲ್ಲಿ ಫ್ರೆಂಚ್ ಬಾಯಿಗೆ ಬಂದರೂ ಮಕ್ಕಳಿಗೆ ಏಟು ಬೀಳುತ್ತಿತ್ತು. ಆ ಏಟು ತಿಂದವರು ತಮ್ಮ ಮಕ್ಕಳೊಂದಿಗೆ ಇಂಗ್ಲಿಷ್ ಮಾತಾಡಿದರು. ಅವರನ್ನು ದೂರುವುದು ನ್ಯಾಯವಲ್ಲ. ಇದೇ ಸೀಮೆಯ ಪಿಟೀಲುಗಾರ ಡ್ಯೂಯಿ ಬಾಲ್ಫಾ 1964ರ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ನುಡಿಸಿದಾಗ ಸಾವಿರಾರು ಜನ ಚಪ್ಪಾಳೆ ತಟ್ಟಿದರು, ತಮ್ಮ ನುಡಿ, ಹಾಡಿನ ಬಗ್ಗೆ ಇಲ್ಲಿಯವರಿಗಿದ್ದ ನಾಚಿಕೆ ಕರಗತೊಡಗಿತು. 1968ರಲ್ಲಿ ರಾಜ್ಯವೇ ಫ್ರೆಂಚ್ ಉಳಿಸಲು ಮಂಡಳಿ ಕಟ್ಟಿತು. ಈಗ ಕೆಲವು ಶಾಲೆಗಳಲ್ಲಿ ಫ್ರೆಂಚ್ ಮಾಧ್ಯಮದ ತರಗತಿಗಳಿವೆ.

ಅಷ್ಟು ಸಾಲದು. ಹಾಡು ನುಡಿಯನ್ನು ಇಲ್ಲಿಯವರೆಗೆ ಹೊತ್ತು ತಂದಿದೆ, ಮುಂದಿನದು ಅಡುಗೆಮನೆಯ ಮಾತಿನಿಂದಲೇ ಆಗಬೇಕು. ಇದು ನಮ್ಮ ನುಡಿಗೂ ಸಲ್ಲುವ ಮಾತು. ಹ್ಯೂಸ್ಟನ್‌ನಲ್ಲಿ ನೆಲೆಸಿದ ಕನ್ನಡಿಗರಿಗೆ ಯೂನಿಸ್ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಅವರೊಡನೆ ಕನ್ನಡದಲ್ಲೇ ಮಾತಾಡಿ.