ಬೇಡವೆಂದ ಬಹುಮಾನ

ಬಹುಮಾನ ಬಾರಲಿಲ್ಲವೆಂದು ಮುನಿಸಿಕೊಂಡ ಸಾಹಿತಿಗಳನ್ನು ನಾವೆಲ್ಲ ಬಲ್ಲೆವು. ಎಲ್ಲಿ ಬಂದುಬಿಡುವುದೋ ಎಂದು ಅಂಜಿ ಕಾಗದ ಬರೆದ ಸಾಹಿತಿಯೂ ಒಬ್ಬನುಂಟು. ಅವನೇ ವಿಲಿಯಂ ಹೈನೆಸೆನ್. ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ ಕಡಲಿನಲ್ಲಿ ಚೆದುರಿ ನಿಂತಿರುವ 18 ದ್ವೀಪಗಳ ಫ್ಯಾರೋ ನಾಡು ಅವನದು. ಇಂದಿಗೂ ಅಲ್ಲಿನ ಜನ ಸುಮಾರು 55,000. ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ.

1900ರಲ್ಲಿ ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ ಹುಟ್ಟಿದ ಈತ 1991ರಲ್ಲಿ ತೀರಿಕೊಂಡ. ಕಾದಂಬರಿಕಾರ, ಕವಿ, ಚಿತ್ರಕಾರ, ಸಂಗೀತವನ್ನೂ ಕಟ್ಟಿದವನು. 1950ರಲ್ಲಿ ಬಂದ ‘ದಾರಿ ತಪ್ಪಿದ ವಾದ್ಯಗಾರರು’ ಎಂಬ ಕಾದಂಬರಿಯನ್ನು ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಅದರಲ್ಲಿ ಚರ್ಚಿನ ಗೋಪುರದಲ್ಲಿ ಗಾಳಿಗೆ ತಾನೇ ನುಡಿಯುವ ತಂತಿವಾದ್ಯಗಳನ್ನು ಕಟ್ಟಿದ ಒಬ್ಬ ಬಡವನಿದ್ದಾನೆ. ಅವನ ಮಕ್ಕಳಿಗೂ ಸಂಗೀತವೇ ಉಸಿರು. ಅವರಿಗೆದುರಾಗಿ, ಪಾನನಿರೋಧವನ್ನು ಗಂಟಲು ಹರಿಯುವಂತೆ ಬೋಧಿಸುವ ಬ್ಯಾಂಕಿನ ಮ್ಯಾನೇಜರ್. ಬಾಳಿನಲ್ಲಿ ಸೋಲುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ಕಿವಿಯಲ್ಲಿ ಉಳಿಯುವುದು ಸೋತವರ ನಾದವೇ.

ಇಷ್ಟನ್ನೂ ಹೈನೆಸೆನ್ ಬರೆದದ್ದು ಡೇನಿಷ್ ಭಾಷೆಯಲ್ಲಿ. ತಾಯಿಯ ಮಾತು ಅದು, ಶಾಲೆಯ ಮಾತೂ ಅದೇ. ಆ ನಾಡಿನಲ್ಲಿ ದೇವರ ಮಾತೂ ಬಹುಕಾಲ ಅದೇ ಆಗಿತ್ತು. ಹಳ್ಳಿಗರು 1699ರ ಡೇನಿಷ್ ಕೀರ್ತನಸಂಗ್ರಹವನ್ನು ಆರ್ಗನ್ನಿನ ಆಸರೆಯಿಲ್ಲದೆ, ಕಿವಿಯಿಂದ ಕಿವಿಗೆ ಬಂದ ತಮ್ಮದೇ ಧಾಟಿಯಲ್ಲಿ ಎಳೆದೆಳೆದು ಹಾಡುತ್ತಿದ್ದರು. ಮಾತು ಪರರದು, ರಾಗ ಮಾತ್ರ ತಮ್ಮದು! ಫ್ಯಾರೋ ಭಾಷೆಗೆ ಇಂದಿನ ಬರಹದ ಕ್ರಮ ಬಂದದ್ದು 1846ರಲ್ಲಿ. ಮೊದಲ ಕಾದಂಬರಿ 1909ರಲ್ಲಿ. ನಾಡಿನ ಮುಖ್ಯಭಾಷೆಯೆಂಬ ಮನ್ನಣೆ 1948ರಲ್ಲಿ. ಹೈನೆಸೆನ್ನನ ಸಮಕಾಲೀನ ಹೆದಿನ್ ಬ್ರೂ ಆ ಭಾಷೆಯಲ್ಲೇ, ಬೆರಳೆಣಿಕೆಯ ಓದುಗರಿಗಾಗಿ, ಕಾದಂಬರಿಗಳನ್ನು ಬರೆದ.

1981ರಲ್ಲಿ ನೊಬೆಲ್ ಬಹುಮಾನ ಹೈನೆಸೆನ್ನನಿಗೆ ಬರಬಹುದೆಂಬ ಸುದ್ದಿ ಹಬ್ಬಿತು. ಆತ ಸ್ವೀಡನ್ನಿನ ಅಕಾಡೆಮಿಗೆ ಬರೆದು ತನ್ನ ಹೆಸರನ್ನು ಹಿಂತೆಗೆದುಕೊಂಡ. ಅವನ ವಾದ ಸರಳ: ತುಳಿತಕ್ಕೊಳಗಾಗಿಯೂ ನಮ್ಮ ಭಾಷೆ ದೊಡ್ಡ ಸಾಹಿತ್ಯವನ್ನು ಬೆಳೆಸಿದೆ, ಬಹುಮಾನ ಬರುವುದಾದರೆ ಅದರಲ್ಲಿ ಬರೆಯುವವನಿಗೆ ಬರಲಿ, ಡೇನಿಷ್‌ನಲ್ಲಿ ಬರೆಯುವ ನನಗೆ ಬಂದರೆ ಆ ಸಾಹಸಕ್ಕೆ ಪೆಟ್ಟು ಬಿದ್ದೀತು.

ಕನ್ನಡ ಮೇಷ್ಟರಾದ ನನಗೆ ಈ ಕಾಗದದ ವಿಷಯ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಭಾಷಾಭಿಮಾನದ ಭಾಷಣಗಳನ್ನು ನಾನೂ ಮಾಡಿದ್ದೇನೆ. ಅವುಗಳಿಂದ ನನಗೆ ನಷ್ಟವೇನೂ ಆಗಿಲ್ಲ, ಒಂದೆರಡು ಹಾರಗಳು ಬಿದ್ದಿವೆ. ಹೈನೆಸೆನ್ನನ ಅಭಿಮಾನಕ್ಕೆ ಬೆಲೆಯಿತ್ತು. ಅದಕ್ಕಿಂತ ನನಗೆ ಹಿರಿದಾಗಿ ತೋರುವುದು ಇನ್ನೊಂದು. ತಾನು ಬರೆದ ಭಾಷೆಯನ್ನು ಆತ ಹಳಿಯಲಿಲ್ಲ, ಅದಕ್ಕಾಗಿ ಕ್ಷಮೆಯನ್ನೂ ಬೇಡಲಿಲ್ಲ. ತನ್ನ ಕೈಗೆ ಒಲಿದದ್ದರಲ್ಲಿ ಬರೆದ. ನೆರೆಮನೆಯವನ ದುಡಿಮೆಯ ಫಲವನ್ನು ಮಾತ್ರ ತಾನು ಉಣ್ಣಲೊಲ್ಲೆನೆಂದ. ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಹುಡುಗರ ಮೇಲೆ ಸಿಟ್ಟಾಗುವ ಮುನ್ನ ನಾನು ಈಗ ಒಂದು ಕ್ಷಣ ತಡೆಯುತ್ತೇನೆ. ಅವರು ಯಾವ ಭಾಷೆಯಲ್ಲಿ ಬರೆಯುತ್ತಾರೆಂಬುದಕ್ಕಿಂತ, ಕನ್ನಡದಲ್ಲಿ ಬರೆಯುವವರನ್ನು ಓದುತ್ತಾರೆಯೆ ಎಂದು ಕೇಳುವುದು ಮೇಲಲ್ಲವೆ?