ಮಗಳು ಬರೆದ ಮೀನು

ಕನ್ನಡ ಎಂ. ಎ. ಮಾಡಿ, ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಶಬ್ದಗಳ ವ್ಯುತ್ಪತ್ತಿ ಹೇಳುತ್ತ ಬಂದಿರುವ ನನಗೆ, ಎಂಟು ವರ್ಷದ ಮಗಳ ಚಿತ್ರವೊಂದನ್ನು ತಿದ್ದುವ ಅರ್ಹತೆ ಇಲ್ಲವೆಂದು ಯಾರೂ ಹೇಳಿರಲಿಲ್ಲ.

ಕಳೆದ ಭಾನುವಾರ ಅವಳು ಶಾಲೆಗಾಗಿ ಭಾರಿ ಜಲಚರವೊಂದನ್ನು ಬರೆದು, ಕೆಳಗೆ 'ತಿಮಿಂಗಿಲ ಶಾರ್ಕ್' ಎಂದು ಹೆಸರಿಟ್ಟಿದ್ದಳು. ಬಾಲ ನೆಟ್ಟಗೆ ನಿಂತಿತ್ತು. ಬೆನ್ನ ತುಂಬ ಬಿಳಿಯ ಚುಕ್ಕೆಗಳು. ತಿಮಿಂಗಿಲದ ಬಾಲ ಅಡ್ಡಲಾಗಿ ಹರಡಿರುತ್ತದೆಂಬಷ್ಟು ಜ್ಞಾನ ನನಗೂ ಉಂಟು. ಬಾಲವನ್ನು ಅಳಿಸಿ ಅಡ್ಡ ಮಲಗಿಸಿದೆ. ಚುಕ್ಕೆಗಳನ್ನು ಪೆನ್ಸಿಲಿನಿಂದ ಮುಚ್ಚಿದೆ. ನೆತ್ತಿಯ ಮೇಲೊಂದು ಕಾರಂಜಿಯನ್ನೂ ಚಿಮ್ಮಿಸಿದೆ. ಸಾಲದುದಕ್ಕೆ, 'ತಿಮಿ' ಎಂಬ ಮಹಾಮತ್ಸ್ಯವನ್ನೇ ನುಂಗುವುದರಿಂದ ಅದು ತಿಮಿಂಗಿಲವೆಂದು ಪಾಠವನ್ನೂ ಹೇಳಿದೆ.

ಮಗಳ ಕಣ್ಣು ತುಂಬಿತು. "ಅಪ್ಪಾ, ಅದು ಮೀನು! ನೀರಿನೊಳಗೇ ಉಸಿರಾಡುತ್ತೆ. ಎಲ್ಲಾ ಹಾಳುಮಾಡಿಬಿಟ್ಟೆ" ಎಂದಳು. ಒಳಗಿನಿಂದ ನನ್ನಾಕೆ, "ಅವಳ ಪುಸ್ತಕವನ್ನೊಮ್ಮೆ ಓದಿ ನೋಡಬಾರದಿತ್ತೇ?" ಎಂದಳು.

ಮರುದಿನ ಪ್ರಾಣಿಶಾಸ್ತ್ರದ ಅಧ್ಯಾಪಕ ಮಿತ್ರರ ಮೊರೆಹೊಕ್ಕೆ. ಮಗಳ ಮಾತೇ ನಿಜವಾಗಿತ್ತು. ಅದು ಮೀನುಗಳಲ್ಲೆಲ್ಲ ದೊಡ್ಡದು. ಸುಮಾರು ೧೮ ಮೀಟರಿನವರೆಗೆ ಬೆಳೆದದ್ದುಂಟು. ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಸಿಕ್ಕಿದ ಒಂದನ್ನು ನೋಡಿ, ಆಂಡ್ರ್ಯೂ ಸ್ಮಿತ್ ಎಂಬ ವೈದ್ಯ ೧೮೨೮ರಲ್ಲಿ ಅದನ್ನು ಮೊದಲು ವರ್ಣಿಸಿದ. ನೆಟ್ಟಗಿನ ಬಾಲ, ಇಕ್ಕೆಲಗಳಲ್ಲೂ ಐದೈದು ಕಿವಿರಿನ ಸೀಳು, ತಲೆಯ ಅಡಿಯಲ್ಲಲ್ಲದೆ ಮುಂತುದಿಯಲ್ಲೇ ತೆರೆದಿರುವ ಅಗಲವಾದ ಬಾಯಿ, ಬೆನ್ನ ಮೇಲೆ ಗೆರೆ ಚುಕ್ಕೆಗಳ ಚೌಕುಳಿ: ಇವು ಅದರ ಗುರುತುಗಳು. ಬೆಚ್ಚನೆಯ ಕಡಲುಗಳಲ್ಲಿ ಅದರ ಸಂಚಾರ; ೧,೮೦೦ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದದ್ದು ದಾಖಲಾಗಿದೆ. ತಿಮಿಯನ್ನು ನುಂಗುವ ಮಾತು ಹಾಗಿರಲಿ, ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಚಿಕ್ಕ ಮೀನುಗಳನ್ನೂ ತಿಂದು ಬದುಕುವ ಸಾಧುಪ್ರಾಣಿ! ನಾನು ಮುಚ್ಚಿಹಾಕಿದ ಚುಕ್ಕೆಗಳೋ, ನಮ್ಮ ಬೆರಳಚ್ಚಿನಂತೆ, ಒಂದೊಂದು ಮೀನಿಗೂ ಬೇರೆ ಬೇರೆ. ನಕ್ಷತ್ರಗಳ ಚಿತ್ರಗಳನ್ನು ಹೊಂದಿಸಲು ಖಗೋಳಜ್ಞರು ಬಳಸುತ್ತಿದ್ದ ಗಣಿತವನ್ನೇ ೨೦೦೫ರಲ್ಲಿ ಈ ಚುಕ್ಕೆಗಳಿಗೂ ಅಳವಡಿಸಿದರಂತೆ.

ಮಿತ್ರರು ಕೊನೆಗೆ ಹೇಳಿದ ಸಂಗತಿ ನನ್ನ ಮನಸ್ಸನ್ನು ಬಿಟ್ಟುಹೋಗಲಿಲ್ಲ. ಗುಜರಾತಿನ ವೆರಾವಲ್ ಕರಾವಳಿಯಲ್ಲಿ ಹಿಂದೆ ಈ ಮೀನನ್ನು ಮಾಂಸಕ್ಕಾಗಿಯೂ, ದೋಣಿಗೆ ಬಳಿಯುವ ಎಣ್ಣೆಗಾಗಿಯೂ ಬೇಟೆಯಾಡುತ್ತಿದ್ದರು. ಪೀಪಾಯಿಗಳನ್ನು ಕಟ್ಟಿ, ದಣಿಸಿ ಹಿಡಿಯುತ್ತಿದ್ದುದರಿಂದ ಬೆಸ್ತರ ಬಾಯಲ್ಲಿ ಅದರ ಹೆಸರೇ 'ಬ್ಯಾರಲ್'. ೨೦೦೧ರಲ್ಲಿ ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿತು. ೨೦೦೪ರಲ್ಲಿ ಆರಂಭವಾದ ಆಂದೋಲನದಲ್ಲಿ ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಹೋಲಿಸಿದರು. 'ವ್ಹಾಲಿ', ಎಂದರೆ ಮುದ್ದಿನವಳು, ಎಂಬ ಹೆಸರು ಹಬ್ಬಿತು. ಆಮೇಲೆ ಅದೇ ಬೆಸ್ತರು, ತಮ್ಮ ಬೆಲೆಬಾಳುವ ಬಲೆಗಳನ್ನು ತಾವೇ ಕೊಯ್ದು, ಸಿಕ್ಕಿಬಿದ್ದ ನೂರಾರು ವ್ಹಾಲಿಗಳನ್ನು ಕಡಲಿಗೆ ಬಿಟ್ಟರು.

ಪೀಪಾಯಿಯೆನಿಸಿದ್ದಾಗ ಸತ್ತದ್ದು, ಮಗಳೆನಿಸಿದಾಗ ಬದುಕಿತು. ಶಬ್ದದ ಮೂಲ ಬಲ್ಲೆನೆಂದು ಬೀಗುತ್ತಿದ್ದ ನಾನು, ಆ ಶಬ್ದದ ಹಿಂದಿರುವ ಜೀವವನ್ನು ನೋಡಿಯೇ ಇರಲಿಲ್ಲ. ಎದುರಿಗೆ ಕುಳಿತಿದ್ದ ಮಗಳನ್ನೂ!

ಅಂದು ಸಂಜೆ ಹೊಸ ಹಾಳೆ ಹಿಡಿದು ಅವಳ ಮುಂದೆ ಕುಳಿತೆ. ಬಾಲವನ್ನು ಅವಳೇ ಬರೆದಳು. ಚುಕ್ಕೆ ಇಡುವ ಕೆಲಸವನ್ನು ಉದಾರವಾಗಿ ನನಗೆ ಬಿಟ್ಟಳು. "ಎಲ್ಲೆಲ್ಲಿ ಇಡಲಿ, ಪುಟ್ಟೀ?" ಎಂದೆ.

"ಎಲ್ಲಿ ಬೇಕಾದರೂ ಇಡು ಅಪ್ಪಾ. ಆದರೆ ಆಮೇಲೆ ಮುಚ್ಚಬೇಡ. ಅದು ಇದರದೇ ಗುರುತು."