ಹಾವಿನ ಉಪವಾಸ

ಹಾವೆಂದರೆ ಕೈಮುಗಿಯುವ ಮನೆತನ ನಮ್ಮದು. ನಾಗಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯದೆ ಒಲೆ ಹೊತ್ತಿಸಿದವರಲ್ಲ. ಹಾಗಿದ್ದೂ ಹಾವೊಂದು ನಮ್ಮ ಮನೆಯೊಳಗೇ ಬಂದು ನೆಲಸೀತೆಂದಾಗಲಿ, ಅದು ಆಹಾರ ಬಿಟ್ಟಾಗ ನಾವು ಗಂಡಹೆಂಡಿರು ನಿದ್ದೆ ಬಿಡಬೇಕಾದೀತೆಂದಾಗಲಿ ಎಣಿಸಿರಲಿಲ್ಲ.

ನಾವಿರುವುದು ತಿರುಪ್ಪೂರು ಜಿಲ್ಲೆಯ ಪಲ್ಲಡಂ ಸಮೀಪದ ಹಳ್ಳಿಯಲ್ಲಿ. ಹೊಸ್ತಿಲ ಹೊರಗೆ ತಮಿಳು, ಒಳಗೆ ಕನ್ನಡ. ಮನೆಯ ಹಿಂಗೋಡೆಗೆ ತಾಗಿದಂತೆ ನಾಲ್ಕು ವಿದ್ಯುತ್ ಮಗ್ಗಗಳ ಶೆಡ್ಡು. ಮಗನು ಕೊಯಮತ್ತೂರಿನಲ್ಲಿ ಓದುತ್ತಿದ್ದಾಗ ಸಾಕಿಕೊಂಡ ಹಾವು ಅದು. ಕೆಲಸ ದೊರೆತು ಪರದೇಶಕ್ಕೆ ಹೊರಟಾಗ ಅದನ್ನು ನಮಗೆ ಒಪ್ಪಿಸಿ ಹೋದ.

ಓದುಗರು ತಪ್ಪು ತಿಳಿಯಬಾರದು. ನಾಗರ, ಕೇರೆ, ನಮ್ಮ ಕಾಡಿನ ಹೆಬ್ಬಾವು ಮೊದಲಾದವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಾಲ್ ಪೈಥಾನ್ ಎಂಬ ಚಿಕ್ಕ ಜಾತಿಯ ಹೆಬ್ಬಾವು. ವಿಷವಿಲ್ಲ. ಬೆದರಿದರೆ ತಲೆಯನ್ನು ನಡುವಿನಲ್ಲಿ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದೊಂದೇ ಅದಕ್ಕೆ ತಿಳಿದ ಯುದ್ಧ. ಇಂಥ ಪರದೇಶದ ಜೀವಿಗಳನ್ನು ಸಾಕುವವರು ಕಾಯಿದೆಯ 2022ರ ತಿದ್ದುಪಡಿ ಹಾಗೂ 2024ರ ನಿಯಮಗಳಿಗನುಸಾರವಾಗಿ ನೋಂದಣಿ ಮಾಡಿಸಬೇಕು. ಮಗನು ಅದನ್ನು ನಮ್ಮ ಮನೆಯ ವಿಳಾಸಕ್ಕೇ ಮಾಡಿಸಿದ್ದ.

ಮಗನ ಜೀವವೆಂಬ ಪ್ರೀತಿಯಿಂದ ನಾವು ಮಾಡಿದ ಮೊದಲ ಕೆಲಸವೆಂದರೆ ಅದರ ಇಕ್ಕಟ್ಟಾದ ಹಳೆಯ ಪೆಟ್ಟಿಗೆಯನ್ನು ತೆಗೆದು, ನಾಲ್ಕಡಿಯ ಗಾಜಿನ ಪೆಟ್ಟಿಗೆಯನ್ನು ತರಿಸಿ ನಡುಮನೆಯಲ್ಲಿರಿಸಿದ್ದು. ನೋಡಬಂದ ನೆರೆಹೊರೆಯವರಿಗೆ ಕಾಣಲೆಂದು ಅದು ಅಡಗುತ್ತಿದ್ದ ಡಬ್ಬವನ್ನೂ ತೆಗೆದಿಟ್ಟೆವು. ಅಂದಿನಿಂದ ಅದು ಆಹಾರ ಮುಟ್ಟಲಿಲ್ಲ.

ಆಹಾರವೆಂದರೆ ಇಲಿ. ಮಾಂಸ ಬೇಯಿಸದ ಮನೆ ನಮ್ಮದು. ಮಂಜುಗಟ್ಟಿಸಿದ ಇಲಿಗಳಿಗೆಂದೇ ಶೆಡ್ಡಿನಲ್ಲಿ ಬೇರೆ ಪುಟ್ಟ ಫ್ರಿಜ್ಜು ಇರಿಸಿದ್ದೆವು. ಪ್ರಾಣಿಯ ಧರ್ಮ ಪ್ರಾಣಿಗೆಂದು ಮನಸ್ಸನ್ನು ಒಪ್ಪಿಸಿ, ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗಾಗಿಸಿ ಇಕ್ಕಳದಲ್ಲಿ ಹಿಡಿದರೆ ಅದು ಮುಖ ತಿರುಗಿಸುತ್ತಿತ್ತು. ನಾವು ದಿನ ಬಿಟ್ಟು ದಿನ ಹಿಡಿದೆವು. ಅದು ದಿನ ಬಿಟ್ಟು ದಿನ ಚೆಂಡಾಯಿತು. ಮೇ ತಿಂಗಳಲ್ಲಿ ನೂಲು ತೂಗುವ ತಕ್ಕಡಿಯಲ್ಲಿ 1240 ಗ್ರಾಂ ಇದ್ದದ್ದು ಜುಲೈ ಕೊನೆಗೆ 1150ಕ್ಕೆ ಇಳಿಯಿತು. ಫೋನಿನಲ್ಲಿ ಮಗ ಕೇಳಿದಾಗಲೆಲ್ಲ, “ಚೆನ್ನಾಗಿದೆ” ಎಂದು ಸುಳ್ಳು ಹೇಳುತ್ತಿದ್ದೆವು.

ಎಂಬತ್ತು ದಾಟಿದ ನಮ್ಮ ಅವ್ವ ಹಾಲು ಇಡಲು ಹೇಳಿದರು. ಹಾವು ಹಾಲು ಕುಡಿಯುವ ಜೀವಿಯಲ್ಲವೆಂದು ವಿವರಿಸಿದೆವು. ಅವರು ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿ, “ಅಲ್ಲಪ್ಪಾ, ನಾಲ್ಕು ಕಡೆಯಿಂದ್ಲೂ ಜನ ನೋಡ್ತಾ ನಿಂತ್ರೆ ಯಾರಿಗೆ ತಾನೇ ತುತ್ತು ಇಳಿಯುತ್ತೆ? ಅದಕ್ಕೊಂದು ಮೂಲೆ ಕೊಡಿ” ಎಂದರು. ಮುದುಕರ ಮಾತೆಂದು ನಕ್ಕು ಸುಮ್ಮನಾದೆವು.

ಕಡೆಗೆ ಕೊಯಮತ್ತೂರಿನ ಪಶುವೈದ್ಯರೊಬ್ಬರಲ್ಲಿಗೆ ಒಯ್ದೆವು. ಅವರು ಬಾಯಿ ತೆರೆದು ನೋಡಿದರು, ಉಸಿರು ಆಲಿಸಿದರು, ರೋಗವೇನೂ ಕಾಣಲಿಲ್ಲ. ಪೊರೆ ಕಳಚುವ ಮುನ್ನ ಕಣ್ಣು ಮಂಜಾದಾಗ ಹಾವು ತಿನ್ನದು. ಆದರೆ ಅದೂ ಅಲ್ಲ. ಬೆಳೆದ ಹಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲದು, ತೂಕ ಇಳಿಯುತ್ತಲೇ ಹೋಗುವುದು ಮಾತ್ರ ಒಳ್ಳೆಯದಲ್ಲವೆಂದು ಹೇಳಿ, ಪೆಟ್ಟಿಗೆ ಎಲ್ಲಿದೆ, ಹೇಗಿದೆ ಎಂದು ವಿಚಾರಿಸತೊಡಗಿದರು. ಉತ್ತರ ಹೇಳುತ್ತ ಹೇಳುತ್ತ ನಮ್ಮ ತಪ್ಪುಗಳು ನಮಗೇ ಕಾಣತೊಡಗಿದವು.

ಸ್ವದೇಶದಲ್ಲಿ ಈ ಹಾವು ಹಗಲನ್ನು ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಕಳೆಯುತ್ತದೆ. ಬಯಲೆಂದರೆ ಅದಕ್ಕೆ ಶತ್ರುವಿನ ಕಣ್ಣು. ಹಾವಿಗೆ ಹೊರಗಿವಿಯಿಲ್ಲದಿದ್ದರೂ ನೆಲದ ನಡುಕವು ದವಡೆಯೆಲುಬಿನ ಮೂಲಕ ಒಳಗಿವಿಯನ್ನು ಮುಟ್ಟುತ್ತದೆ. ನಮ್ಮ ಪೆಟ್ಟಿಗೆಯೋ ಮಗ್ಗದ ಗೋಡೆಗೆ ಒರಗಿತ್ತು. ಅದರ ಮೇಲೆ ಆಡಿ ಮಾಸದ ಗಾಳಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ನಮ್ಮ ಸುತ್ತಿನ ಗಾಳಿಯಂತ್ರಗಳನ್ನೆಲ್ಲ ತಿರುಗಿಸುವ ಆ ಗಾಳಿಗೆ ಅರೆಯುವ ಕಲ್ಲೂ ಹಾರುವುದೆಂದು ತಮಿಳರ ಗಾದೆ. ಅದು ಕಿಟಕಿಯಿಂದ ನೇರವಾಗಿ ಪೆಟ್ಟಿಗೆಗೆ ಬಡಿಯುತ್ತಿತ್ತು. ಉಷ್ಣಮಾಪಕವಿಟ್ಟು ನೋಡಿದರೆ, 31-32 ಡಿಗ್ರಿ ಇರಬೇಕಾದ ಬೆಚ್ಚನೆಯ ತುದಿ ರಾತ್ರಿ 27ಕ್ಕೆ ಇಳಿದಿತ್ತು.

ಪೆಟ್ಟಿಗೆಯನ್ನು ಮಗ್ಗಕ್ಕೆ ದೂರವಾದ ಒಳಕೋಣೆಗೆ ಸಾಗಿಸಿದೆವು. ಮೂರು ಬದಿಯ ಗಾಜನ್ನು ನಾವೇ ನೆಯ್ದ ಕಾಡಾ ಬಟ್ಟೆಯಿಂದ ಮರೆಮಾಡಿದೆವು. ಮಣ್ಣಿನ ಕುಡಿಕೆಗಳೆರಡನ್ನು ಒಂದು ಬದಿ ಒಡೆದು, ಅಂಚು ಉಜ್ಜಿ, ಬೆಚ್ಚನೆಯ ತುದಿಗೊಂದು ತಂಪಿನ ತುದಿಗೊಂದು ಬೋರಲಿಟ್ಟೆವು. ಹಾವು ಸುತ್ತಿಕೊಂಡರೆ ಮೈ ಗೋಡೆಗೆ ತಾಗುವಷ್ಟೇ ಜಾಗ. ಪೊಳ್ಳಾಚಿಯಿಂದ ತಂದ ತೆಂಗಿನ ನಾರಿನ ಪುಡಿಯನ್ನು ತುಸು ತೇವ ಮಾಡಿ ಹಾಸಿದೆವು. ಶಾಖದ ಹಾಸಿಗೆಗೆ ಥರ್ಮೋಸ್ಟ್ಯಾಟ್ ಜೋಡಿಸಿದೆವು. ಎಲ್ಲಕ್ಕಿಂತ ಕಷ್ಟವಾದದ್ದು ವೈದ್ಯರ ಕೊನೆಯ ಸೂಚನೆ: ಹತ್ತು ದಿನ ನೀರು ಬದಲಿಸುವುದರ ಹೊರತು ಮುಟ್ಟಬಾರದು, ಇಣುಕಬಾರದು, ಆಹಾರವನ್ನೂ ಹಿಡಿಯಬಾರದು.

ಹನ್ನೊಂದನೆಯ ದಿನ ಮುಸ್ಸಂಜೆ ದೀಪವಾರಿಸಿ, ಬೆಚ್ಚಗಾಗಿಸಿದ ಇಲಿಯನ್ನು ಕುಡಿಕೆಯ ಬಾಯಿಯ ಬಳಿ ಹಿಡಿದೆವು. ಕತ್ತಲೊಳಗಿಂದ ನಾಲಿಗೆ ಒಮ್ಮೆ ಸುಳಿಯಿತು, ಮತ್ತೊಮ್ಮೆ ಸುಳಿಯಿತು. ಮರುಕ್ಷಣ ಇಕ್ಕಳ ಹಗುರವಾಯಿತು! ನಾವು ಉಸಿರು ಬಿಗಿಹಿಡಿದು ಬಾಗಿಲು ಮುಚ್ಚಿಕೊಂಡು ಹೊರಗೆ ಬಂದೆವು.

ಅವ್ವನಿಗೆ ಸಂಗತಿ ಹೇಳಲು ಹೋದರೆ, ಅವರ ತಟ್ಟೆಯಲ್ಲಿ ಎಂದಿನಂತೆ ಅರ್ಧ ಅನ್ನ ಉಳಿದಿತ್ತು. ಹೊಸ ಮನೆ ಕಟ್ಟಿದಾಗ, ಗಾಳಿ ಬೆಳಕು ಸಿಗಲಿ, ಬಂದವರೊಡನೆ ಮಾತಾಡಲಿ ಎಂದು ಅವರ ಮಂಚವನ್ನು ನಡುಮನೆಗೆ ತಂದಿರಿಸಿದವರು ನಾವೇ. ಅಂದಿನಿಂದ ಊಟ ಸೇರುತ್ತಿಲ್ಲವೆಂದು ವೈದ್ಯರಿಗೆ ತೋರಿಸಿ, ಟಾನಿಕ್ಕು ಕುಡಿಸಿ, ಹಟಮಾರಿಯೆಂದು ಗದರಿಸಿಯೂ ಇದ್ದೆವು. ಮೂಲೆಯ ಮಾತನ್ನು ಅವರು ಯಾರಿಗಾಗಿ ಆಡಿದ್ದರೋ, ಕೇಳಲು ನಮಗೆ ಬಾಯಿ ಬರಲಿಲ್ಲ.

ಮರುದಿನ ಹಿತ್ತಲ ಬಾಗಿಲ ಬಳಿಯ ಚಿಕ್ಕ ಕೋಣೆಯಿಂದ ನೂಲಿನ ಮೂಟೆಗಳನ್ನು ತೆರವುಮಾಡಿ ಅವರ ಮಂಚವನ್ನು ಅಲ್ಲಿಗೆ ಹಾಕಿದೆವು. ಗೋಡೆಯ ಗೂಡಿನಲ್ಲಿ ದೀಪ, ಕೈಗೆಟಕುವಂತೆ ಎಲೆಯಡಿಕೆಯ ಪೆಟ್ಟಿಗೆ. ಊಟ ಬಡಿಸಿ ಬಂದ ಮೇಲೆ ಯಾರೂ ಎದುರು ನಿಲ್ಲಬಾರದೆಂದು ನಮ್ಮೊಳಗೆ ಗೊತ್ತುಮಾಡಿಕೊಂಡೆವು. ನಾಲ್ಕನೆಯ ದಿನ ಒಳಗಿಂದ ಕೂಗು ಬಂತು: “ಇನ್ನೊಂಚೂರು ಸಾರು ತಾರಮ್ಮಾ.”

ಅಂದು ರಾತ್ರಿ ಮಗನಿಗೆ ಫೋನು ಮಾಡಿ, ಇಬ್ಬರ ವಿಷಯವನ್ನೂ ಸುಳ್ಳಿಲ್ಲದೆ ಹೇಳಿದೆವು.